ತಾನಾಗಿ ಬಿದ್ದ ಹಣ್ಣು

ಆ ಮನೆಯಲ್ಲಿ ಜಗಳ ಶುರುವಾದದ್ದು ಒಂದು ಕ್ಯಾರೆಟ್ಟಿನಿಂದ. ಆಸ್ತಿಗೆ ಹೊಡೆದಾಡುವ ಮನೆಗಳಿವೆ, ಅತ್ತೆ ಸೊಸೆ ಮುಖ ನೋಡದ ಮನೆಗಳಿವೆ. ಕ್ಯಾರೆಟ್ಟಿಗೆ ಜಗಳವಾಡಿದ ಮನೆ ಬಹುಶಃ ಇದೊಂದೇ ಇರಬೇಕು. ಮೊದಲ ದಿನ ಮನೆಯವರೇ ನಕ್ಕರು. ಆ ನಗು ಬಹಳ ದಿನ ಉಳಿಯಲಿಲ್ಲ.

ತಾಯಿಯ ಕಸುಬು ತರಕಾರಿ ಹೆಚ್ಚುವುದು. ಬೀದಿಗೆಲ್ಲ ಅವಳು ‘ಹೆಚ್ಚೋ ಅಮ್ಮ’. ಗಂಡ ನಸುಕಿನಲ್ಲೇ ವ್ಯಾನು ತೆಗೆದುಕೊಂಡು ಸಗಟು ಮಾರುಕಟ್ಟೆಗೆ ಹೋಗಿ ಮೂಟೆಗಟ್ಟಲೆ ತರಕಾರಿ ತಂದು ಹಜಾರದಲ್ಲಿ ಇಳಿಸುತ್ತಿದ್ದ. ಇವಳು ತೊಳೆದು, ಸಿಪ್ಪೆ ತೆಗೆದು, ಹೆಚ್ಚಿ, ಚೀಲಗಳಿಗೆ ತುಂಬಿ ಕೊಡುತ್ತಿದ್ದಳು. ಬಿಸಿಲೇರುವುದರೊಳಗೆ ಅದು ಕಚೇರಿಗಳ ಕ್ಯಾಂಟೀನುಗಳಿಗೆ, ಒಂದು ದೊಡ್ಡ ಆಸ್ಪತ್ರೆಯ ಅಡುಗೆಮನೆಗೆ ತಲುಪಬೇಕು. ಬೇರೆಯವರ ಮನೆಯಲ್ಲಿ ಸೋಫಾ ಇರುವ ಜಾಗದಲ್ಲಿ ಇವರ ಮನೆಯಲ್ಲಿ ಉದ್ದನೆಯ ಮೇಜು, ಮೇಜಿನ ಮೇಲೆ ಮರದ ಹಲಗೆಗಳು, ಕೆಳಗೆ ಸಿಪ್ಪೆಯ ಬಕೆಟ್ಟುಗಳು. ಗೋಡೆಗಳಿಗೂ ಈರುಳ್ಳಿಯ ವಾಸನೆ ಹಿಡಿದುಬಿಟ್ಟಿತ್ತು. ಮನೆಗೆ ಬಂದ ನೆಂಟರು ಮೊದಲು ಕಣ್ಣೊರೆಸಿಕೊಂಡು ಆಮೇಲೆ ಕ್ಷೇಮಸಮಾಚಾರ ಕೇಳುತ್ತಿದ್ದರು.

ಹೆಚ್ಚುವುದರಲ್ಲಿ ಅವಳದು ಎತ್ತಿದ ಕೈ. ಮೂಟೆ ಕ್ಯಾರೆಟ್ಟು ಹೆಚ್ಚಿದರೂ ತುಂಡೆಲ್ಲ ಒಂದೇ ಅಳತೆ. “ಒಂದು ದೊಡ್ಡದು, ಒಂದು ಚಿಕ್ಕದು ಆದ್ರೆ ಒಂದು ಬೇಯುತ್ತೆ, ಇನ್ನೊಂದು ಹಸೀನೇ ಉಳಿಯುತ್ತೆ” ಎಂದು ಮಗಳಿಗೆ ಚಿಕ್ಕಂದಿನಲ್ಲೇ ಕೈ ಹಿಡಿದು ಕಲಿಸಿದ್ದಳು. ಮಗಳು ಚುರುಕು, ಹಾಗಾಗಿ ಮನೆಯಲ್ಲಿ ಅವಳ ಹೆಸರು ಚೂಟಿ. ಓದು ಮುಗಿಸಿದ ಚೂಟಿಗೆ ಊರಾಚೆಯ ಗಿಡಗಳ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿದ್ದೂ ಆ ಕೈಯಿಂದಲೇ. ಸಂದರ್ಶನದ ದಿನ ಒಂದು ಹಿಡಿ ಎಲೆ ಕೊಟ್ಟು ಕತ್ತರಿಸಲು ಹೇಳಿದರಂತೆ. ಇವಳು ಕತ್ತರಿಸಿಟ್ಟದ್ದನ್ನು ನೋಡಿ ಬೇರೆ ಪ್ರಶ್ನೆಯನ್ನೇ ಕೇಳಲಿಲ್ಲವಂತೆ. ತಾಯಿ ಅದನ್ನು ಬೀದಿಯ ಮನೆ ಮನೆಗೂ ಹೇಳಿಕೊಂಡು ಬಂದಿದ್ದಳು.

ಅಲ್ಲಿನ ಕೆಲಸ ಇಷ್ಟೇ. ಗಾಜಿನ ಮನೆಯೊಳಗೆ ಸಾಲಾಗಿ ಟೊಮೇಟೊ ಗಿಡಗಳು. ಕಾಂಡಕ್ಕೂ ಎಲೆಗಳಿಗೂ ಕೂದಲಿನಷ್ಟು ಸಣ್ಣ ತಂತಿ ಸಿಕ್ಕಿಸಿರುತ್ತಾರೆ. ಮೇಲಿನವರು ಕೈ ಎತ್ತಿದ ಕೂಡಲೇ ಚೂಟಿ ಒಂದು ಎಲೆ ಕತ್ತರಿಸಬೇಕು. ಆಗ ಕಂಪ್ಯೂಟರಿನ ಪರದೆಯ ಮೇಲೆ ಒಂದು ಗೆರೆ ಧಿಗ್ಗನೆ ಏಳುತ್ತದೆ, ಸ್ವಲ್ಪ ಹೊತ್ತಿಗೆ ದೂರದ ಎಲೆಯಲ್ಲೂ ಏಳುತ್ತದೆ. ಅದು ನೋವೋ, ಬರೀ ಒಳಗಿನ ರಸದ ಓಡಾಟವೋ ಅಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲ ಎಂದು ಬರೆದಿಟ್ಟು ಎಲ್ಲರೂ ಊಟಕ್ಕೆ ಏಳುತ್ತಾರೆ. ಕೆಲವು ತಿಂಗಳು ಚೂಟಿಯೂ ಎದ್ದಳು. ಆಮೇಲೆ ಅವಳಿಗೆ ಏಳಲಾಗಲಿಲ್ಲ.

ಒಂದು ಸಂಜೆ ಊಟಕ್ಕೆ ಕೂತಾಗ ತಟ್ಟೆಯಲ್ಲಿದ್ದ ಕ್ಯಾರೆಟ್ ತುಂಡುಗಳನ್ನೆಲ್ಲ ಚೂಟಿ ಅಂಚಿಗೆ ಸರಿಸಿದಳು.

“ಏನೇ, ಉಪ್ಪು ಜಾಸ್ತಿ ಆಯ್ತಾ?” ಎಂದಳು ತಾಯಿ.

“ಇಲ್ಲಮ್ಮ. ಇದನ್ನ ಬೇರುಸಮೇತ ಕಿತ್ತಿರೋದು. ನಂಗೆ ತಿನ್ನೋಕಾಗಲ್ಲ.”

ಅಪ್ಪ ನಕ್ಕ. “ಹಾಗಂದ್ರೆ ನಾನು ದಿನಾ ವ್ಯಾನಲ್ಲಿ ಹೆಣ ಸಾಗಿಸ್ತಿದೀನಿ ಅನ್ನು.”

“ತಮಾಷೆ ಮಾಡ್ಬೇಡ ಅಪ್ಪ. ಅದಕ್ಕೆ ನೋವಾಗುತ್ತೆ ಅಂತ ನಾನು ಹೇಳ್ತಿಲ್ಲ. ಆಗಲ್ಲ ಅಂತ ಯಾರಿಗೂ ಗೊತ್ತಿಲ್ಲ, ಅಷ್ಟೇ. ಗೊತ್ತಿಲ್ದೇ ಇರೋವಾಗ ಹೆಚ್ಚಬಹುದಾ?”

“ಗೊತ್ತಿಲ್ದೇ ಇರೋವಾಗ ಹಸ್ಕೊಂಡು ಸಾಯಬಹುದಾ?” ಎಂದಳು ಅಜ್ಜಿ. ಇವಳು ಅಪ್ಪನ ತಾಯಿ. ಹಲ್ಲು ಹೋಗಿದ್ದರೂ ನಾಲಿಗೆ ಹರಿತ. “ನಾನು ನಿನ್ನಷ್ಟಿರೋವಾಗ ಹುಲ್ಲು ಬೇಯಿಸಿ ತಿಂದಿದೀನಿ ಕಣೇ. ಅದು ಅತ್ತಿತೋ ನಕ್ಕಿತೋ ಕೇಳೋಕೆ ಪುರುಸೊತ್ತಿರಲಿಲ್ಲ.”

ಎಲ್ಲರೂ ನಕ್ಕರು. ಚೂಟಿಯೂ ನಕ್ಕಳು, ಆದರೆ ಕ್ಯಾರೆಟ್ ಮುಟ್ಟಲಿಲ್ಲ.

ಎರಡು ದಿನ ಹುಚ್ಚು, ಮೂರನೆಯ ದಿನ ತಾನಾಗೇ ಇಳಿಯುತ್ತದೆ ಎಂದುಕೊಂಡಳು ತಾಯಿ. ಇಳಿಯಲಿಲ್ಲ, ಏರಿತು. ಗೆಡ್ಡೆಗಳಾದ ಮೇಲೆ ಸೊಪ್ಪು ಹೋಯಿತು, ಕಾಯಿಗಳು ಹೋದವು. ಅಕ್ಕಿ, ಗೋಧಿ, ಕಾಳು ಕೂಡ ಬೇಡವೆಂದಳು. ಅವು ಹುಟ್ಟಬೇಕಾಗಿದ್ದ ಮರಿಗಳಂತೆ. ಮೊಟ್ಟೆ, ಹಾಲನ್ನು ಅವಳು ಮುಂಚೆಯೇ ಬಿಟ್ಟಿದ್ದಳು. ಒಂದು ದಿನ ಪ್ರಯೋಗಾಲಯಕ್ಕೆ ಹೋಗುವುದನ್ನೂ ಬಿಟ್ಟಳು. ಕೊನೆಗೆ ಉಳಿದದ್ದು ಒಂದೇ: ಬೀದಿಯ ಕೊನೆಯ ಪಾರ್ಕಿನಲ್ಲಿ ಅಂಜೂರದ ಮರದಿಂದ ತಾನಾಗಿ ನೆಲಕ್ಕೆ ಬಿದ್ದ ಹಣ್ಣು. ಬೆಳಗ್ಗೆ ಹೋಗಿ ಮರದಡಿ ಕೂತು ಆಯ್ದು ತರುತ್ತಿದ್ದಳು.

“ಇರುವೆ ಉಳಿಸಿದ್ದನ್ನ ತಿಂತೀಯಲ್ಲೇ!” ಎಂದಳು ಅಜ್ಜಿ. “ಆ ಹಣ್ಣಲ್ಲಿ ಬೀಜ ಇಲ್ವಾ? ಅದು ಮರಿ ಅಲ್ವಾ?”

“ಹಣ್ಣು ಮರ ತಾನಾಗೇ ಕೊಡೋದು ಅಜ್ಜಿ. ಬೀಜ ಹೊಟ್ಟೇಲಿ ಸಾಯಲ್ಲ, ಹೊರಗೆ ಬಂದು ಮೊಳೆಯುತ್ತೆ.”

“ಹಾಗಿದ್ರೆ ನೀನಿನ್ನು ಕಕ್ಕಸಿಗೆ ಹೋಗೋ ಹಾಗಿಲ್ಲ, ಚೊಂಬು ಹಿಡ್ಕೊಂಡು ಪಾರ್ಕಿಗೇ ಹೋಗ್ಬೇಕು.”

ಈ ಸಲ ಅಪ್ಪ ಮಾತ್ರ ನಕ್ಕ. ತಾಯಿ ಮಗಳ ಕೈಗಡಿಯಾರ ನೋಡುತ್ತಿದ್ದಳು. ಅದು ಮಣಿಕಟ್ಟಿನಲ್ಲಿ ನಿಲ್ಲದೆ ಮೊಣಕೈವರೆಗೆ ಜಾರುತ್ತಿತ್ತು.

ಅವಳಿಗೆ ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ಮಗಳು ಸೊರಗಿದ್ದಕ್ಕೆ ಮಾತ್ರವಲ್ಲ. ಬೆಳಗ್ಗೆ ಇವಳು ಚಾಕು ಕೈಗೆತ್ತಿಕೊಂಡ ಕೂಡಲೇ ಚೂಟಿ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂರುತ್ತಿದ್ದಳು, ಎರಡೂ ಕಿವಿಗೆ ಅಂಗೈ ಒತ್ತಿಕೊಂಡು. ಹಲಗೆಯ ಮೇಲೆ ಚಾಕು ಟಕಟಕ ಅನ್ನುವಾಗಲೆಲ್ಲ ತಾಯಿಗೆ ಆ ಕಿವಿಗಳೇ ಕಣ್ಣ ಮುಂದೆ. ಒಂದು ದಿನ ತಡೆಯಲಾಗದೆ ಬಾಗಿಲಿಗೆ ಬಂದಳು.

“ಏನೇ, ನಾನೇನು ಕಟುಕಿಯಾ? ಈ ಕೈಯಲ್ಲಿ ಹೆಚ್ಚಿದ್ದಕ್ಕೇ ನೀನು ಓದಿದ್ದು, ಉಂಡಿದ್ದು.”

“ನಾನೂ ಅದೇ ಅಲ್ವೇನಮ್ಮ? ನಿನ್ನಿಂದ್ಲೇ ಕಲ್ತಿದ್ದು.”

ಅವಳು ಅದನ್ನು ಕೋಪದಲ್ಲಿ ಹೇಳಿದ್ದರೆ ತಾಯಿ ತಿರುಗಿಸಿ ನಾಲ್ಕು ಮಾತು ಅಂದು ಹಗುರಾಗುತ್ತಿದ್ದಳು. ಚೂಟಿ ಮೆಲ್ಲಗೆ, ಸಮಾಧಾನ ಮಾಡುವ ಹಾಗೆ ಹೇಳಿದಳು. ತಾಯಿ ಒಳಗೆ ಬಂದು ಉಳಿದ ಎಲೆಕೋಸನ್ನು ಹೆಚ್ಚಿದಳು. ಅವತ್ತಿನ ಎಳೆಗಳು ದಪ್ಪ ದಪ್ಪ ಬಂದಿದ್ದವು ಎಂದು ಕ್ಯಾಂಟೀನಿನವರು ವ್ಯಾನು ನಿಲ್ಲಿಸಿಕೊಂಡು ಅಪ್ಪನಿಗೆ ಬೈದರಂತೆ.

ಬೀದಿಯ ಡಾಕ್ಟರು ಚೂಟಿಯ ನಾಡಿ ನೋಡಿ, ಕಣ್ಣಿನ ರೆಪ್ಪೆ ಎಳೆದು ನೋಡಿ, ತಾಯಿಯನ್ನು ಪಕ್ಕಕ್ಕೆ ಕರೆದರು. “ಬುದ್ಧಿವಾದ ಎಲ್ಲ ಆಮೇಲೆ. ಮೊದಲು ಹೊಟ್ಟೆಗೆ ಏನಾದ್ರೂ ಹಾಕಿ. ಹೇಗಾದ್ರೂ ಸರಿ.”

ಆ ‘ಹೇಗಾದ್ರೂ ಸರಿ’ ತಾಯಿಯ ಕಿವಿಯಲ್ಲಿ ಕೂತುಬಿಟ್ಟಿತು. ಮರುದಿನ ಅವಳು ಗೋಧಿಯನ್ನೂ ಕಾಳನ್ನೂ ಹುರಿದು ನುಣ್ಣಗೆ ಪುಡಿ ಮಾಡಿದಳು. ಅಂಜೂರದ ಹಣ್ಣನ್ನು ಹಿಸುಕಿ, ಪುಡಿಯನ್ನು ಅದಕ್ಕೆ ಕದಡಿದಳು. ಅಂಜೂರದೊಳಗಿನ ಬೀಜ ಹೇಗೂ ಬಾಯಿಗೆ ತರಿತರಿ ಸಿಗುತ್ತದೆ. ಕಾಳಿನ ತರಿ ಅದರಲ್ಲಿ ಕರಗಿಹೋಯಿತು. ಅಡುಗೆಯವಳ ಜಾಣತನವೆಲ್ಲ ಆ ಬಟ್ಟಲಲ್ಲಿತ್ತು.

“ಏನಮ್ಮ ಇದು?” ಎಂದು ಕೇಳಿದಳು ಚೂಟಿ.

“ಬಿದ್ದ ಹಣ್ಣು ಕಣೇ. ತಾನಾಗೇ ಬಿದ್ದದ್ದು. ಹಿಸುಕಿದೀನಿ ಅಷ್ಟೇ.”

“ಯಾರೂ ಕೀಳಲಿಲ್ವಾ?”

“ಇಲ್ಲ ಕಣೇ. ನಾನೇ ಹೋಗಿ ಆಯ್ದು ತಂದೆ.”

ಚೂಟಿ ಒಂದು ಚಮಚ ತಿಂದಳು, ಇನ್ನೊಂದು ತಿಂದಳು, ಬಟ್ಟಲು ಕೆರೆದು ತಿಂದಳು. ಆಮೇಲೆ ತಾಯಿಯ ಸೊಂಟಕ್ಕೆ ತಲೆ ಒರಗಿಸಿ, “ನೀನೊಬ್ಬಳಾದ್ರೂ ನನ್ನ ಜೊತೆ ಇದ್ದೀಯಲ್ಲಮ್ಮ” ಎಂದಳು. ತಾಯಿಗೆ ಅಳು ಬಂತು. ಅದು ಸಂತೋಷದ್ದೋ ನಾಚಿಕೆಯದೋ ಅವಳಿಗೇ ತಿಳಿಯಲಿಲ್ಲ, ಎರಡೂ ಇದ್ದವು.

ಆಮೇಲಿನ ವಾರಗಳು ಚೆನ್ನಾಗಿದ್ದವು, ಅದನ್ನು ಇಲ್ಲವೆನ್ನುವಂತಿಲ್ಲ. ಚೂಟಿಯ ಕೆನ್ನೆ ತುಂಬಿಕೊಂಡಿತು. ಅಜ್ಜಿಯ ತಲೆ ಬಾಚಿದಳು, ಅಪ್ಪನ ವ್ಯಾನು ತೊಳೆದಳು. ಒಂದು ದಿನ ಅಪ್ಪ, “ಹೆಣದ ಗಾಡಿ ಫಳಫಳ ಹೊಳೀತಿದೆಯಲ್ಲ” ಎಂದಾಗ ಬಿದ್ದು ಬಿದ್ದು ನಕ್ಕಳು. ತಾಯಿ ಪುಡಿಯ ಡಬ್ಬವನ್ನು ಸೋಪಿನ ಪುಡಿಯ ಹಿಂದೆ ಬಚ್ಚಿಟ್ಟು ಗಂಡನಿಗೂ ಅತ್ತೆಗೂ ಕಣ್ಸನ್ನೆ ಮಾಡಿದ್ದಳು. ಗಂಡ ಗುಟ್ಟು ಕಾಯುವುದರಲ್ಲಿ ಗಟ್ಟಿ. ಅತ್ತೆಯ ಬಾಯಿಗೆ ಮಾತ್ರ ಬೀಗ ಹಾಕುವ ಕಮ್ಮಾರ ಇನ್ನೂ ಹುಟ್ಟಿರಲಿಲ್ಲ.

ಪಾಪ, ಅಜ್ಜಿಗೂ ಕೆಟ್ಟ ಮನಸ್ಸಿರಲಿಲ್ಲ. ಒಂದು ಬೆಳಗ್ಗೆ ಮೊಮ್ಮಗಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, “ನೋಡೇ, ಕಾಳು ಹೊಟ್ಟೆಗೆ ಬಿದ್ದ ಮೇಲೆ ಮುಖಕ್ಕೆ ಎಂಥ ಕಳೆ ಬಂದಿದೆ!” ಎಂದು ಸೊಸೆಗೆ ತೋರಿಸಿದಳು.

ಅಂದ ಮೇಲೆ ಅವಳಿಗೇ ಅರಿವಾಗಿ ಬಾಯಿಗೆ ಸೆರಗು ಒತ್ತಿಕೊಂಡಳು.

ಚೂಟಿ ಚಮಚ ಕೆಳಗಿಟ್ಟಳು. “ಯಾವತ್ತಿಂದ ಅಮ್ಮ?”

ತಾಯಿ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡಳು.

“ಕೇಳ್ತಿದೀನಿ. ಯಾವತ್ತಿಂದ?”

“ಮೊದಲ ದಿನದಿಂದ್ಲೂ.”

ಚೂಟಿ ಕೂಗಲಿಲ್ಲ. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳು ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಕೊಳ್ಳುವ ಸದ್ದು ಮೂವರೂ ನಿಂತು ಕೇಳಿದರು. ಹೊರಗೆ ಬಂದು ತಾಯಿಯ ಮುಂದೆ ನಿಂತಳು.

“ನಿನ್ನ ಕೈಯಿಂದ ಬಂದಿದ್ದು ಅಂತ ನಂಬಿ ತಿಂದೆ. ಬೇರೆ ಯಾರು ಕೊಟ್ಟಿದ್ರೂ ತಿಂತಿರಲಿಲ್ಲ. ಇನ್ಮೇಲೆ ನಂಗೆ ಸುಳ್ಳು ಹೇಳಲ್ಲ ಅನ್ನು.”

“ಹೇಳಲ್ಲ ಕಣೇ. ಇನ್ನು ಯಾವತ್ತೂ ಹೇಳಲ್ಲ.”

ಅವತ್ತಿನಿಂದ ತಾಯಿ ಕೊಟ್ಟ ನೀರನ್ನೂ ಅವಳು ಮೂಸಿ ನೋಡಿ ಕುಡಿಯುತ್ತಿದ್ದಳು. ತಾನೇ ಪಾರ್ಕಿಗೆ ಹೋಗಿ ಸಿಕ್ಕಷ್ಟು ತಿಂದು ಬರುತ್ತಿದ್ದಳು. ಗಾಳಿ ಇಲ್ಲದ ದಿನ ಹಣ್ಣೂ ಇಲ್ಲ. ಆಮೇಲೆ ಹಣ್ಣಿನ ಕಾಲವೇ ಮುಗಿಯುತ್ತ ಬಂತು. ಅಪ್ಪ ಮೊದಲು ಬೈದ, ಆಮೇಲೆ ತಟ್ಟೆ ಎತ್ತಿ ಗೋಡೆಗೆ ಎಸೆದ, ಆಮೇಲೆ ಮಗಳ ಕಾಲ ಹತ್ತಿರ ನೆಲದ ಮೇಲೆ ಕೂತು ಅತ್ತ.

“ಏನು ತಿಂತೀಯೋ ಹೇಳು, ಎಲ್ಲಿದ್ರೂ ತರ್ತೀನಿ. ಕಲ್ಲು ತಿಂತೀಯಾ? ಮಣ್ಣು ತಿಂತೀಯಾ?”

“ಅಳಬೇಡ ಅಪ್ಪ. ನಾನು ಯಾರಿಗೂ ತಿನ್ಬೇಡಿ ಅಂತ ಹೇಳ್ತಿಲ್ವಲ್ಲ.”

“ನೀನು ತಿಂದೇ ಇದ್ರೆ ನಮ್ಮ ಗಂಟಲಲ್ಲಿ ಇಳಿಯುತ್ತೇನೇ?” ಎಂದಳು ತಾಯಿ.

ಅಜ್ಜಿ ತನ್ನ ಬಾಯಿಯೇ ಮನೆ ಹಾಳು ಮಾಡಿತೆಂದು ಮಾತು ಬಿಟ್ಟಳು, ಅದರ ಜೊತೆಗೆ ಒಂದು ಹೊತ್ತಿನ ಊಟವನ್ನೂ ಬಿಟ್ಟಳು. ತರಕಾರಿಯ ಮನೆಯಲ್ಲಿ ಒಲೆ ಉರಿಯುವುದು ಕಡಿಮೆಯಾಯಿತು. ಊರಿಗೆಲ್ಲ ಹೆಚ್ಚಿ ಕೊಟ್ಟು ನಾಲ್ಕು ಜನ ಅರೆಹೊಟ್ಟೆಯಲ್ಲಿ ಮಲಗುತ್ತಿದ್ದರು.

ಒಂದು ಬೆಳಗ್ಗೆ ಪಾರ್ಕಿಗೆ ಹೊರಟ ಚೂಟಿ ಮೆಟ್ಟಿಲಿಳಿಯುವಾಗ ಕುಸಿದಳು. ಅಪ್ಪ ಕೋಸಿನ ಮೂಟೆಗಳ ನಡುವೆ ಜಾಗ ಮಾಡಿ ಅವಳನ್ನು ವ್ಯಾನಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಓಡಿಸಿದ. ದಿನಾ ತರಕಾರಿ ಕೊಡುವ ಆಸ್ಪತ್ರೆ ಅದೇ. ಅಭ್ಯಾಸಬಲದಿಂದ ಅವನು ಮೊದಲು ಅಡುಗೆಮನೆಯ ಬಾಗಿಲಿಗೇ ವ್ಯಾನು ಕೊಂಡೊಯ್ದನಂತೆ. ಅಲ್ಲಿನ ಕೆಲಸದವರೇ ಓಡಿಬಂದು ಎತ್ತಿಕೊಂಡರು.

ವಾರ್ಡಿನ ಡಾಕ್ಟರಮ್ಮ ಮುಚ್ಚುಮರೆ ಮಾಡಲಿಲ್ಲ. “ಸೂಜಿಯಿಂದ ಎಷ್ಟು ದಿನ ಅಂತ ಗ್ಲೂಕೋಸ್ ಹಾಕೋದು? ಬಾಯಿಂದ ತಗೋಬೇಕು. ಹೃದಯ ತುಂಬಾ ಸೋತಿದೆ. ಬೇಗ ತಿನ್ನದೇ ಇದ್ರೆ ನಾವು ಮೂಗಿಂದ ನಳಿಗೆ ಹಾಕ್ತೀವಿ. ಅದನ್ನೂ ಅವಳು ಕಿತ್ತು ಹಾಕಿದ್ರೆ ಆಮೇಲೆ ನಮ್ಮನ್ನ ಕೇಳ್ಬೇಡಿ.”

ಮಧ್ಯಾಹ್ನ ಆಯಾ ಊಟದ ತಟ್ಟೆ ತಂದಿಟ್ಟು ಮುಚ್ಚಳ ತೆಗೆದಳು. ಬೇಯಿಸಿದ ಕ್ಯಾರೆಟ್ಟು, ತುಂಡೆಲ್ಲ ಒಂದೇ ಅಳತೆ. ಚೂಟಿ ಅದನ್ನೇ ನೋಡಿದಳು.

“ನಿನ್ನ ಕೈ” ಎಂದಳು, ಮುಖ ಗೋಡೆಗೆ ತಿರುಗಿಸಿದಳು.

ತಾಯಿ ಆ ತಟ್ಟೆಯನ್ನು ಹಿಡಿದುಕೊಂಡು ಎಲ್ಲಿಡುವುದೆಂದು ತಿಳಿಯದೆ ವಾರ್ಡಿನ ನಡುವೆ ನಿಂತಳು. ತನ್ನ ಕಸುಬಿನ ಮೇಲೆ ಅವಳಿಗೆ ಅವತ್ತು ಬಂದಷ್ಟು ಹೇಸಿಗೆ ಜನ್ಮದಲ್ಲಿ ಬಂದಿರಲಿಲ್ಲ. ಪಕ್ಕದ ಮಂಚದ ಹೆಂಗಸು, “ಅವಳಿಗೆ ಬೇಡ್ದಿದ್ರೆ ಇತ್ತ ಕೊಡಿ” ಎಂದಾಗ ಕೊಟ್ಟುಬಿಟ್ಟಳು.

ಮರುದಿನದಿಂದ ಮನೆಯಿಂದ ಗಂಜಿ ತರತೊಡಗಿದಳು. ಮಾತು ಕೊಟ್ಟಿದ್ದಳಲ್ಲ, ಹಾಗಾಗಿ ಇದ್ದದ್ದನ್ನೇ ಹೇಳಿದಳು. “ಅಕ್ಕಿ ಗಂಜಿ ಕಣೇ. ನಂಗೋಸ್ಕರ ಎರಡು ಚಮಚ.” ಚೂಟಿ ತಲೆಯಾಡಿಸಿದಳು. ಅದರ ಮರುದಿನವೂ ಅಷ್ಟೇ. ತುಟಿ ಒಡೆದು ಕಪ್ಪಾಗಿತ್ತು. ಡಾಕ್ಟರಮ್ಮ ನಾಳೆ ನಳಿಗೆ ಹಾಕುತ್ತೇವೆ ಎಂದು ಹೇಳಿ ಹೋದರು.

ಆ ಮಧ್ಯಾಹ್ನ ತಾಯಿ ಗಂಜಿಯ ಡಬ್ಬಿ ಬಿಚ್ಚಿದಾಗ ಚೂಟಿಯೇ ಕೇಳಿದಳು. ದನಿ ಕೇಳಿಸಿಕೊಳ್ಳಲು ತಾಯಿ ಬಾಗಬೇಕಾಯಿತು.

“ಏನಮ್ಮ ಅದು?”

“ಗಂಜಿ ಕಣೇ. ಅಕ್ಕೀದು.”

“ಹಾಗನ್ಬೇಡ.” ಅವಳ ಕಣ್ಣಂಚಿನಿಂದ ನೀರಿಳಿದು ಕಿವಿಗೆ ಹೋಯಿತು. “ಆವತ್ತಿನ ಥರ ಹೇಳು.”

ತಾಯಿಗೆ ಅರ್ಥವಾಯಿತು. “ನೀನೇ ಬೇಡ ಅಂದ್ಯಲ್ಲೇ. ಮಾತು ತಗೊಂಡ್ಯಲ್ಲೇ.”

“ಅಮ್ಮ, ನಂಗೆ ಸಾಯೋಕೆ ಭಯ ಆಗ್ತಿದೆ. ಹೇಳು.”

“ಬಿದ್ದ ಹಣ್ಣು ಕಣೇ” ಎಂದಳು ತಾಯಿ. “ತಾನಾಗೇ ಬಿದ್ದದ್ದು.”

“ಯಾರೂ ಕೀಳಲಿಲ್ವಾ?”

“ಇಲ್ಲ ಕಣೇ.”

ಬಟ್ಟಲಲ್ಲಿ ಬೆಳ್ಳಗೆ ಗಂಜಿ ಕಾಣುತ್ತಿತ್ತು. ಅದನ್ನು ಕುರುಡರೂ ಹಣ್ಣೆನ್ನುತ್ತಿರಲಿಲ್ಲ. ಚೂಟಿ ಕಣ್ಣು ಮುಚ್ಚಿ ಬಾಯಿ ತೆರೆದಳು. ಒಂದೊಂದು ಚಮಚ ಇಳಿದಾಗಲೂ ಅವಳ ತುಟಿ ಏನೋ ಅಂದುಕೊಳ್ಳುತ್ತಿತ್ತು. ತಾಯಿ ಕಿವಿ ಕೊಟ್ಟು ಕೇಳಿದಳು. “ತಪ್ಪಾಯ್ತು” ಎನ್ನುತ್ತಿದ್ದಳು, ಗಂಜಿಗೆ.

ಚೂಟಿ ಉಳಿದಳು. ಮನೆಗೆ ಬಂದಳು. ಬೀದಿಯವರು ಬಂದು ನೋಡಿ, ದೇವರು ದೊಡ್ಡವನು ಎಂದು ಹೋದರು. ಅಪ್ಪ ಮತ್ತೆ ವ್ಯಾನಿನಲ್ಲಿ ಹಾಡು ಹಾಕಿದ, ಅಜ್ಜಿ ಮತ್ತೆ ಬಾಯಿ ಬಿಟ್ಟಳು. ಹೊತ್ತು ಹೊತ್ತಿಗೆ ತಟ್ಟೆ ಮುಂದೆ ಬಂದಾಗ ಚೂಟಿ ಕೇಳುತ್ತಿದ್ದಳು, ತಾಯಿ ಹೇಳುತ್ತಿದ್ದಳು, ಮಕ್ಕಳು ಮಗ್ಗಿ ಒಪ್ಪಿಸಿದ ಹಾಗೆ. ಆಲೂಗಡ್ಡೆಯೂ ಬಿದ್ದ ಹಣ್ಣೇ, ಬ್ರೆಡ್ಡೂ ಬಿದ್ದ ಹಣ್ಣೇ.

“ನಾಟಕ ಆಡಿದ್ರೂ ತಿಂತಾಳಲ್ಲ, ಬಿಡು” ಎನ್ನುತ್ತಿದ್ದ ಗಂಡ.

“ನೀವೊಂದು ಸಲ ಹೇಳಿ ನೋಡಿ ರೀ, ಗೊತ್ತಾಗುತ್ತೆ” ಎನ್ನುತ್ತಿದ್ದಳು ಹೆಂಡತಿ.

ಗೊತ್ತಾಗಬೇಕಾದದ್ದು ಇದು. ಆ ಮಗ್ಗಿಯಾಚೆಗೆ ಮಗಳು ಅವಳ ಯಾವ ಮಾತನ್ನೂ ಮಾತೆಂದು ತೆಗೆದುಕೊಳ್ಳುತ್ತಿರಲಿಲ್ಲ. ಇವತ್ತು ಬಿಸಿಲು ಜಾಸ್ತಿ ಎಂದರೂ, ಅಜ್ಜಿಗೆ ಜ್ವರ ಎಂದರೂ, ನೀನೆಂದರೆ ನನಗೆ ಪ್ರಾಣ ಎಂದರೂ ಒಂದೇ ಉತ್ತರ: “ಹೌದಮ್ಮ.” ಗಂಜಿಯನ್ನು ಹಣ್ಣೆಂದಾಗ ಹೇಳಿದ ಅದೇ ಹೌದು. ಒಂದು ಬೆಳಗ್ಗೆ ಚೂಟಿ ತಾನಾಗಿ ಬಂದು ಮೇಜಿನ ಎದುರು ಬದಿಗೆ ಕೂತು ಚಾಕು ತೆಗೆದುಕೊಂಡಳು. ಅವಳ ಕೈಯಿಂದ ಬೀಳುತ್ತಿದ್ದ ತುಂಡುಗಳು ಮೊದಲಿನ ಹಾಗೇ ಒಂದೇ ಅಳತೆ. ಅಪ್ಪ ಹಿಗ್ಗಿ ಹೀರೇಕಾಯಿಯಾದ. ತಾಯಿಗೆ ಕಂಡದ್ದು ಅವಳ ತುಟಿ. ಒಂದೊಂದು ತುಂಡಿಗೂ ಅದು ಅಲ್ಲಾಡುತ್ತಿತ್ತು.

ಮುಂದಿನ ಹಣ್ಣಿನ ಕಾಲ ಬಂತು. ಒಂದು ದಿನ ಬೆಳಗಿನ ಜಾವ ಜೋರು ಗಾಳಿ ಬೀಸಿತು. ತಾಯಿ ಮೂಟೆಗಳನ್ನು ಹಾಗೇ ಬಿಟ್ಟು ಪಾರ್ಕಿಗೆ ಹೋದಳು. ಮರದಡಿ ಮಂಡಿಯೂರಿ ಹುಲ್ಲಿನಲ್ಲಿ ಬೆರಳಾಡಿಸಿ, ನೆಲಕ್ಕೆ ಬಿದ್ದು ಒಡೆದ ಹಣ್ಣುಗಳನ್ನೇ ಆಯ್ದಳು. ಕೈಗೆಟಕುವ ಕೊಂಬೆಯಲ್ಲಿ ಒಳ್ಳೊಳ್ಳೆಯವು ತೂಗುತ್ತಿದ್ದವು. ಅವಕ್ಕೆ ಸೋಕದ ಹಾಗೆ ತಲೆ ತಗ್ಗಿಸಿಕೊಂಡೇ ಎದ್ದಳು. ಇರುವೆಗಳನ್ನು ಊದಿ ಬಿಟ್ಟಳು. ಮನೆಗೆ ಬಂದು ತೊಳೆದು, ಚಾಕು ಮುಟ್ಟಿಸದೆ, ಬಟ್ಟಲಲ್ಲಿ ಹಾಗೇ ಇಟ್ಟು ಮಗಳ ಮುಂದೆ ಕೂತಳು. ಸೀರೆಯ ಮಂಡಿಯ ಬಳಿ ಇನ್ನೂ ಮಣ್ಣಿತ್ತು.

“ಏನಮ್ಮ ಇದು?” ಎಂದಳು ಚೂಟಿ.

“ಬಿದ್ದ ಹಣ್ಣು ಕಣೇ. ತಾನಾಗೇ ಬಿದ್ದದ್ದು.” ಹೇಳುವಾಗಲೇ ತಾಯಿಗೆ ದಿಗಿಲಾಯಿತು. ಇದಕ್ಕೆ ಬೇರೆ ಮಾತು ಅವಳ ಹತ್ತಿರ ಉಳಿದಿರಲಿಲ್ಲ.

“ಯಾರೂ ಕೀಳಲಿಲ್ವಾ?”

“ಇಲ್ಲ ಕಣೇ. ಇವತ್ತು ನಿಜವಾಗ್ಲೂ. ನಾನೇ ಹೋಗಿದ್ದೆ, ಒಂದೊಂದೇ ಆಯ್ದೆ. ನಿನ್ನಾಣೆಗೂ ನಿಜ. ನೋಡು, ನನ್ನ ಸೀರೆ ನೋಡು.”

ಚೂಟಿ ಸೀರೆಯ ಕಡೆ ನೋಡಲಿಲ್ಲ. ತಾಯಿಯ ಕೈಮೇಲೆ ಕೈಯಿಟ್ಟು ಮೆಲ್ಲಗೆ ತಟ್ಟಿದಳು.

“ಚೆನ್ನಾಗಿ ಹೇಳ್ತೀಯ ಅಮ್ಮ” ಎಂದಳು.

ಕಣ್ಣು ಮುಚ್ಚಿ ಒಂದು ಹಣ್ಣು ಬಾಯಿಗಿಟ್ಟುಕೊಂಡು, ತುಟಿಯೊಳಗೇ ಅದಕ್ಕೂ ತಪ್ಪಾಯ್ತು ಎಂದಳು. ತಾಯಿ ಬಟ್ಟಲನ್ನು ಅವಳ ಹತ್ತಿರಕ್ಕೆ ಸರಿಸಿ, ಎದ್ದು ಹೋಗಿ ಚಾಕು ತೆಗೆದುಕೊಂಡಳು.